ಹನ್ನೊಂದು ಪದಗಳ ಮಾಲೀಕ

...ಕಳವು ಅಂದ್ರ ಕಳವೇ ಉಸ್ತಾದ, ಅದಕ್ಕ ಬ್ಯಾರೆ ಹೆಸರಿಲ್ಲ. ಹಾಡಾಹಗಲು, ಸೂಟು ಬೂಟು ಹಾಕ್ಕೊಂಡು, ನನಗ ಎದುರಿಗಿ ಕುಂದ್ರಿಸಿ ಚಹಾ ಕುಡಿಸಿ ಮಾಡಿದ ಕಳವು... ಇಲ್ರಿ, ಕುಂದ್ರೂದಿಲ್ಲ ನಾ. ಕುಂತ್ರ ತಲಿ ಇನ್ನಷ್ಟು ಕಾಯ್ತದ. ನೀವು ಕೆಲಸ ನಿಲ್ಲಿಸಬ್ಯಾಡ್ರಿ, ಉಳಿ ಹೊಡ್ಕೋತ ಕೇಳ್ರಿ. ಈ ಖಣಿ ದಂಡ್ಯಾಗ, ಈ ತಗಡಿನ ನೆಳ್ಳಾಗ ಆಡಿ ಬೆಳದಾಂವ ನಾನು. ನಮ್ಮಪ್ಪ ಸಾಯಬಣ್ಣ ಕೆಳಗ ಕಲ್ಲು ಎಬ್ಬಿಸ್ತಿದ್ದ, ನೀವು ಇಲ್ಲಿ ಕುಂತು ನೆಲಕ್ಕ ಹಾಸೋ ಫರಸಿ ಮಾಡ್ತಿದ್ರಿ, ನಾ ನಿಮ್ಮಿಬ್ಬರ ನಡುವ ಓಡಾಡ್ತಿದ್ದೆ. ಕಲ್ಲಿನ ಪುಡಿ ಕಣ್ಣಾಗ ಬಿದ್ರ ಉಜ್ಜಬಾರದು ಅಂತ ಕಲಿಸಿದವ್ರೇ ನೀವು.

ಯಾಕ ಹಂಗ ನೋಡ್ತೀರಿ? ಬೆಳ್ಳಗ ಆಗೀನಿ ಅಂತೇನು? ಬೆಳ್ಳಗ ಅಲ್ರಿ, ಬಿಳಚಿಕೊಂಡೀನಿ. ನಾಕು ವರ್ಷ ಬಿಸಿಲು ಕಾಣದ ಮನುಷ್ಯಾ ಹ್ಯಾಂಗ ಇರ್ತಾನ? ಆ ಇಂಗ್ಲಿಷರ ಊರಾಗ ಮಧ್ಯಾಹ್ನ ಮೂರಕ್ಕ ದೀಪ ಹಚ್ಚತಾರ.

ಹಾಂ, ಗೊತ್ತಾತು. ಬಂದು ಎಂಟು ದಿನ ಆತು, ಇವತ್ತು ಮಾರಿ ತೋರಸ್ಲಿಕತ್ತಾನ ಅಂತ ಸಿಟ್ಟು ನಿಮಗ. ಖರೆ ಅದ. ತಪ್ಪು ನಂದೇ. ಮೊದಲು ತೆಂಗಳಿಗಿ ಹೋದೆ, ಅವ್ವನ ಕಡಿ. ಆಮ್ಯಾಲ ಕಲಬುರ್ಗಿ, ಕಾಲೇಜಿನಾಗ ಕೆಲಸ ಇತ್ತು. ಮೊನ್ನೆ ಬರಬೇಕಂದೆ, ನಿನ್ನೆ ಬರಬೇಕಂದೆ... ಕಾಲು ಏಳಲಿಲ್ಲ. ಬಿಡ್ರಿ ಅದು. ಈಗ ಬಂದೀನಲ್ಲ. ಸಂಜಿಗಿ ವಾಡಿಗಿ ಹೋಗಿ ಬೊಂಬಾಯಿ ಗಾಡಿ ಹಿಡೀಬೇಕು, ನಾಡದ ವಿಮಾನ ಅದ. ಅಷ್ಟರಾಗ ನಿಮ್ಮ ಕಡಿಂದ ಒಂದು ಸಣ್ಣ ಕೆಲಸ ಆಗಬೇಕು. ಸಣ್ಣದೇ. ಆದ್ರ ಅದು ಆಗಲಿಲ್ಲಂದ್ರ ನನ್ನ ನಾಕು ವರ್ಷ ಮಣ್ಣಾಗ ಹೋತು ಅಂತ ತಿಳೀರಿ.

ಟೇಶನ್ನಾಗ ಪೀರಪ್ಪ ಸಿಕ್ಕಿದ್ದ, ನಿಮ್ಮ ಮ್ಯಾಳದಾಗ ಹಲಗಿ ಬಾರಿಸಾಂವ. ಕೂದಲೆಲ್ಲಾ ಹೋಗ್ಯಾವ ಅವಂದು. ಅಂಬಾರಾಯ, ಅಲ್ಲಿ ಏನು ಓದ್ತೀಯೋ ಅಂದಾ. ಇಂಗ್ಲಿಷರು ಬಿಟ್ಟು ಹೋದ ದೇಶಗೋಳ ಸಾಹಿತ್ಯ ಅಂದೆ. ಅವರು ಬಿಟ್ಟು ಹೋದ ಮ್ಯಾಲ ಇಲ್ಲಿ ಏನಾತು ಅಂತ ಓದ್ಲಿಕ್ಕ ಅವರ ಊರಿಗೇ ಯಾಕ ಹೋಗಬೇಕೋ ಅಂತ ಕೇಳಿದಾ... ನಗ್ರಿ ನಗ್ರಿ. ನೀವು ನಗ್ತೀರಿ ಅಂತ ಗೊತ್ತಿತ್ತು. ಆದ್ರ ಏನು ಮಾಡ್ಲಿ ಉಸ್ತಾದ? ಪುಸ್ತಕ ಎಲ್ಲಾ ಅಲ್ಲೇ ಅವ. ನಮ್ಮ ಪುಸ್ತಕ ಭೀ ಅಲ್ಲೇ ಅವ. ಸೇಡಮದಾಗ ಸಿಗಲಾರದ್ದು, ಬೆಂಗಳೂರಾಗ ಸಿಗಲಾರದ್ದು ಅಲ್ಲಿ ಒಂದು ಚೀಟಿ ಬರದು ಕೊಟ್ರ ಹತ್ತು ಮಿನಿಟಿನಾಗ ಮೇಜಿನ ಮ್ಯಾಲ ಬಂದು ಬೀಳ್ತದ. ಅದನ್ನ ನೋಡಿದ್ರೇ ನನಗ ಮೊದಲು ಸಿಟ್ಟು ಬರ್ತಿತ್ತು. ಆಮ್ಯಾಲ ರೂಢಿ ಆತು.

ಹೋದ ಮೊದಲನೇ ತಿಂಗಳೇ ನಮ್ಮ ಗೈಡು ನನಗ ಕೋಣಿಗಿ ಕರದಾ. ಗೈಡು ಅಂದ್ರ ದಾರಿ ತೋರಿಸೋ ಪ್ರೊಫೆಸರ. ನಿಮ್ಮ ಮ್ಯಾಳಕ್ಕ ನೀವು ಉಸ್ತಾದ ಇದ್ದಂಗ ನನಗ ಅಂವ. ಅಂವ ಮಾಡಿದ್ದೇ ಖರೆ, ಅಂವ ಹಾಕಿದ್ದೇ ಗೆರಿ. ಅಂವ ಸೈ ಅನ್ನದ ಹೊರತು ಡಾಕ್ಟರೇಟ ಇಲ್ಲ. ಗ್ವಾಡಿ ಮ್ಯಾಲಿನ ನಕಾಶಿ ಮ್ಯಾಲ ಬೆರಳಿಟ್ಟಾ, ಬರೋಬ್ಬರಿ ನಮ್ಮ ಊರಿನ ಮ್ಯಾಲ. ನಿಮ್ಮ ಕಡಿ ನಾವು ರಾಜ್ಯ ಮಾಡೇ ಇಲ್ಲಲ್ಲ, ನಿಜಾಮ ಇದ್ದ. ಹಂಗಿದ್ದ ಮ್ಯಾಲ ನಮ್ಮ ಮ್ಯಾಲ ನಿಂದೇನು ಫಿರ್ಯಾದಿ ಅಂದಾ. ನಕ್ಕೋತ ಅಂದಾ. ವಿಮಾನ, ಪರೀಕ್ಷಾ, ಸ್ಕಾಲರಶಿಪ್ಪು, ಎಲ್ಲಾ ದಾಟಿ ಹೋದಾಂವ ಅಲ್ಲಿ ಒಂದು ಕುರ್ಚಿ ಮ್ಯಾಲ ಕುಂತು ಮೂಕ ಆದೆ.

ಆವಾಗ ಏನು ಮಾಡ್ದೆ ಗೊತ್ತದೇನ್ರಿ? ನಿಮ್ಮ ಪದ ಹಾಡ್ದೆ. ಅವನ ಮೇಜಿನ ಮ್ಯಾಲ ಬೆರಳಲೇ ತಾಳ ಹಾಕಿ.

ವಾಡಿ ಟೇಶನ್ನಾಗ ನಿಂತದ ಗಾಡಿ ನಮ್ಮ ಕಲ್ಲ ಹೊತ್ತ
ಎಲ್ಲಿಗಂತ ಕೇಳಿದ್ರ ಹೇಳವಲ್ದು
ಯಾರ ಮನಿ ನೆಲಕ್ಕ ಹಾಸಿದ್ರೋ ನನ್ನ ಬೆನ್ನಿನ ಬಿಸಿಲ
ಕಾಲಿಟ್ಟಾವಗ ಸುಡವಲ್ದು

ಅರ್ಥ ಬಿಡಿಸಿ ಹೇಳ್ದೆ. ಅಂವ ಪೆನ್ನು ಕೆಳಗಿಟ್ಟಾ. ಆ ಹಳಿ ಯಾರ ಕಂಪನೀದು ಅಂತ ಕೇಳಿದಾ. ನಿಮ್ಮವರದೇ ಸಾಹೇಬ್ರ, ಬೊಂಬಾಯಿಂದ ಹಾಸ್ಕೋತ ಬಂದದ್ದು ಅಂದೆ. ರಾಜ್ಯ ನಿಜಾಮಂದು, ಗಾಡಿ ನಿಮ್ಮದು, ಬೆನ್ನು ನಮ್ಮದು ಅಂದೆ. ಅವತ್ತಿನಿಂದ ನನಗ ಬಿಡಲಿಲ್ಲ ಅಂವ. ಇದನ್ನೇ ಬರಿ, ಇದನ್ನೇ ಬರಿ ಅಂತ ಬೆನ್ನು ಹತ್ತಿದಾ. ಮೊಹರಂ ಪದದಾಗ ಕರ್ಬಲಾ ಹೇಳ್ಕೋತ ಹೇಳ್ಕೋತ ನಿಮ್ಮ ಜನ ಕಂಪನಿ ಸುದ್ದಿ ಹೇಳ್ಯಾರಲ್ಲ, ಇದು ಯಾರೂ ಬರದಿಲ್ಲ ಅಂದಾ. ನನ್ನ ಪ್ರಬಂಧ ನಿಂತಿದ್ದೇ ಆ ನಾಕು ಸಾಲಿನ ಮ್ಯಾಲ. ಅದು ನಾ ಇಲ್ಲ ಅನ್ನೂದಿಲ್ಲ.

ಒಂದು ದಿನ ಮನಿಗಿ ಕರದಾ. ಊಟಕ್ಕ ಅಂದಿದ್ದ. ಹೋಗಿ ನೋಡಿದ್ರ ಹದಿನೈದು ಇಪ್ಪತ್ತು ಮಂದಿ, ಕೈಯಾಗ ಗಿಲಾಸು ಹಿಡ್ಕೊಂಡು ನಿಂತಾರ. ಹಾಡು ಅಂದಾ. ನಾ ಬೂಟು ಬಿಚ್ಚಿ ಅವರ ರತ್ನಗಂಬಳಿ ಮ್ಯಾಲ ಕುಂತೆ. ಕೂಸಿನ ಪದ ಹಾಡ್ದೆ. ಕರ್ಬಲಾದಾಗ ಕೂಸು ನೀರು ನೀರು ಅಂತದಲ್ಲ, ಖಣ್ಯಾಗ ಕಲ್ಲು ಹೊರಾಕಿ ತನ್ನ ಕೂಸಿಗಿ ಸೆರಗಿನ ಬೆವರು ಹಿಂಡತಾಳಲ್ಲ, ಅದು. ಅದನ್ನ ನೀವು ಹಾಡಿದ್ರ ಇಲ್ಲಿ ಹೆಣ್ಣುಮಕ್ಕಳು ಎದಿ ಬಡ್ಕೋತಾರ. ನಮ್ಮ ಖಣ್ಯಾಗ ಕಲ್ಲು ಹೊರೋ ಹಣಮವ್ವ ಒಬ್ಬಾಕಿನೇ ಮೂಲ್ಯಾಗ ಕುಂತು ಅಳ್ತಿದ್ದಳು. ಅಲ್ಲಿ ಏನು ಮಾಡಿದ್ರು ಅಂತೀರಿ? ಚಪ್ಪಾಳಿ ಹೊಡದ್ರು. ಕೂಸು ಸತ್ತ ನುಡಿಗೆ ಚಪ್ಪಾಳಿ. ಒಬ್ಬಾಕಿ ಬಂದು ಇನ್ನೊಂದು ಹಾಡು ಅಂದಳು, ಸ್ವಲ್ಪ ಖುಷಿದು ಇದ್ರ ಹಾಡು ಅಂದಳು. ನನಗ ಹ್ಯಾಂಗ ಆಗಿರಬೇಕು ಹೇಳ್ರಿ. ಬೂಟಿನ ಲಾಡಿ ಕಟ್ಟದೇ ಹೊರಗ ಬಂದೆ.

ಆದ್ರ ಮರುದಿನ ಮತ್ತ ಹೋದೆ ಅವನ ಕೋಣಿಗಿ. ಹೋಗಲೇಬೇಕಲ್ಲ. ಒಂದೊಂದೇ ಅಧ್ಯಾಯ ಬರದು ಕೊಟ್ಟೆ. ಹನ್ನೊಂದು ಪದ, ಹನ್ನೊಂದಕ್ಕೂ ಇಂಗ್ಲಿಷ್ ಮಾಡಿ, ಒಂದೊಂದು ಮಾತಿಗೂ ಅರ್ಥ ಬರದು. ಮೊಹರಮದಾಗ ಬೆಂಕಿ ಹಾಕೋ ಅಲಾಯಿ ಕುಣಿ ಅಂದ್ರೇನು, ಡೋಲಿ ಅಂದ್ರೇನು, ಫರಸಿ ಅಂದ್ರೇನು... ಒಂದು ಮಾತಿಗಿ ಒಂದೊಂದು ವಾರ ಕುಂತೀನಿ ಉಸ್ತಾದ. ರೂಮಿನಾಗ ಕಿಟಕಿ ಸಂದಿಗಿ ಕಾಗದ ತುರುಕಿ, ಕೈಗಿ ಸಾಕ್ಸ್ ಹಾಕ್ಕೊಂಡು ಬರದೀನಿ. ಕೊಟ್ಟಾಗೊಮ್ಮೆ ಭೇಷ್ ಅಂತಿದ್ದ. ಭೇಷ್, ನನ್ನ ಕಡಿ ಇರಲಿ, ನಿಧಾನ ಓದ್ತೀನಿ ಅಂತಿದ್ದ.

ನಿಧಾನ ಓದಿದಾ. ಭಾಳ ನಿಧಾನ ಓದಿದಾ. ಹ್ವಾದ ದಸರಾ ಟೈಮಿಗಿ ಪುಸ್ತಕದ ಅಂಗಡಿ ಮುಂದ ಹೊಂಟೀನಿ, ಗಾಜಿನೊಳಗ ಅವನ ಹೊಸ ಪುಸ್ತಕ. ದಪ್ಪಂದು. ಒಳಗ ಹೋಗಿ ತೆರದೆ. ಮೂರನೇ ಅಧ್ಯಾಯ... ನಂದು. ಪೂರಾ ನಂದು. ಹನ್ನೊಂದು ಪದ, ನಾ ಮಾಡಿದ ಇಂಗ್ಲಿಷ್, ನಾ ಬರದ ಅರ್ಥ. ನಾ ಹಾಕಿದ ಕಾಮಾ ಸೈತ ಅಲ್ಲೇ ಅದ. ಮ್ಯಾಲ ಹೆಸರು ಅವಂದು. ನನ್ನ ಹೆಸರು ಎಲ್ಲಿ ಅದ ಅಂತ ಹುಡುಕಿದೆ, ನಿಂತಲ್ಲೇ ಹುಡುಕಿದೆ, ಅಂಗಡಿಯಾಂವ ತಗೋತೀಯೋ ಇಲ್ಲೋ ಅಂತ ಎರಡು ಸಲ ಕೇಳಿದಾ. ಸಿಕ್ತು. ಕಟ್ಟಕಡೀ ಪುಟದಾಗ, ಉಪಕಾರ ಆತು ಅಂತ ಎಲ್ಲಾರಿಗಿ ಹೇಳ್ತಾರಲ್ಲ, ಅಲ್ಲಿ. ಟೈಪ್ ಮಾಡಿದಾಕಿ, ಆಮ್ಯಾಲ ಅಂವ ಊರಾಗ ಇಲ್ಲದಾಗ ಅವನ ನಾಯಿ ನೋಡ್ಕೊಂಡಾಕಿ, ಆಮ್ಯಾಲ ನಾನು. ನಾಯಿ ನೋಡ್ಕೊಂಡಾಕಿ ಕೆಳಗ ಉಸ್ತಾದ.

ಒಬ್ಬ ಮನುಷ್ಯಾಗ ಅವನ ಕೆಲಸದಿಂದ ಅವನ ಹೆಸರು ಕಿತ್ತಿದ್ರ ಅಂವ ಏನಾಗ್ತಾನ? ನೀವೇ ಹೇಳ್ರಿ. ಜೀವ ಇರ್ತದ, ಉಣ್ತಾನ, ತಿರಗ್ತಾನ, ಆದ್ರ ಅಂವ ಇಲ್ಲ. ಇದ್ದೂ ಇಲ್ಲ. ಆ ರಾತ್ರಿಯಿಂದ ನಾ ಬರೋಬ್ಬರಿ ನಿದ್ದಿ ಮಾಡಿಲ್ಲ... ಯಾಕ್ರಿ? ಯಾಕ ಉಳಿ ತಪ್ತು? ಬೆರಳಿಗಿ ಬಡೀತೇನು? ಜರಾ ಸಂಭಾಳಸ್ರಿ.

ಫಿರ್ಯಾದಿ ಕೊಟ್ಟೆ. ಸುಮ್ಮ ಕುಂದ್ರಲಿಲ್ಲ, ಸಾಯಬಣ್ಣನ ಮಗ ನಾ. ಮೂರು ಮಂದಿ ಕಮಿಟಿ ಮಾಡ್ಯಾರ. ಮೂವರೂ ಅವನ ದೋಸ್ತರೇ. ಏನಂದ್ರು ಗೊತ್ತದೇನು? ಅವರ ಪುಸ್ತಕ ಅಚ್ಚಾಗ್ಯದ, ನಿನ್ನ ಪ್ರಬಂಧ ಇನ್ನಾ ಮುಗದಿಲ್ಲ. ಎರಡರಾಗೂ ಒಂದೇ ಮಾತು ಅದ. ನೀನೇ ಅವರ ಪುಸ್ತಕ ನೋಡಿ ಬರದಿಲ್ಲ ಅಂತ ಹ್ಯಾಂಗ ನಂಬೂದು? ಕೇಳಿದ್ರೇನು, ನಾ ಕಳ್ಳ! ಮುಂದಿನ ತಿಂಗಳು ಹದಿನಾಲ್ಕಕ್ಕ ಕಮಿಟಿ ಕುಂದರ್ತದ. ಅಷ್ಟರಾಗ ಪದ ಮೊದಲು ನಾ ತಂದೀನಿ ಅಂತ ಸಾಬೀತ ಮಾಡಬೇಕು. ಇಲ್ಲಂದ್ರ ಹೆಸರು ಹೊಡದು ಹಾಕ್ತಾರ, ಮನಿಗಿ ಕಳಸ್ತಾರ. ಡಾಕ್ಟರೇಟ ಅಷ್ಟೇ ಅಲ್ಲ, ಕಳ್ಳ ಅಂತ ಬರದು ಕಳಸ್ತಾರ. ಆ ಕಾಗದ ಹಿಡ್ಕೊಂಡು ಬಂದಾವಗ ಕಲಬುರ್ಗಿ ಕಾಲೇಜಿನಾಗ ಜವಾನ ಅಂತ ಭೀ ಇಟ್ಕೊಳ್ಳೂದಿಲ್ಲ.

ಏನು ತೋರಸ್ಲಿಕತ್ತೀರಿ ಕೈಲೆ? ಡಬ್ಬಿ... ತಿರಗೂದು... ಹಾಂ, ಟೇಪು. ಟೇಪ್ ರಿಕಾರ್ಡು. ನೆನಪು ಅದ ನಿಮಗ. ಅದು... ಅದು ಹಾಳಾತ್ರಿ. ಅಲ್ಲಿ ಥಂಡಿ ಭಾಳ. ಬೂಸ್ರು ಬಂತು ಅದಕ್ಕ. ಹಚ್ಚಿದ್ರ ಬರೀ ಗರ್ ಅಂತದ. ಅದು ಇದ್ದಿದ್ರ ನಿಮ್ಮನ್ನ ಯಾಕ ತೊಂದ್ರಿ ಕೊಡ್ತಿದ್ದೆ?

ಬರ್ರಿ ಚಾಚಿ. ಯಾಕ ಬಿಸಲಾಗ ಚಹಾ ತಂದ್ರಿ, ನಾನೇ ಮನಿಗಿ ಬರ್ತಿದ್ದೆ. ಇಡ್ರಿ ಅಲ್ಲಿ... ಹೂಂ ಚಾಚಿ, ಇವತ್ತೇ ಹೋಗೂದು... ನೋಡಿದ್ರಾ, ಬಿಬಿಜಾನ್ ಚಾಚಿಗಿ ಒಂದೂ ಹಲ್ಲಿಲ್ಲ ಈಗ. ಆ ವರ್ಷ ಮೊಹರಮದ ಸಿಹಿ ಚೊಂಗೆ ಮಾಡಿ ಕೊಟ್ಟಿದ್ದಳು ನನಗ, ಬುಟ್ಟಿ ತುಂಬ. ಎಪ್ಪತ್ಮೂರನೇ ಇಸ್ವಿ, ಆವಾಗ ಇನ್ನಾ ಮೈಸೂರು ರಾಜ್ಯ ಇತ್ತು. ಕಾಲೇಜಿನ ಟೇಪು ಹೆಗಲಿಗಿ ಹಾಕ್ಕೊಂಡು ಬಂದಿದ್ದೆ. ನೀವು ಖಣಿಂದ ಬಂದು, ಕೈಕಾಲು ತೊಳಕೊಂಡು, ಮೊದಲು ನೀರು ಕುಡದು, ಆಮ್ಯಾಲ ಡಬ್ಬಿ ಕಡಿ ನೋಡಿ ಕೇಳಿದ್ರಿ, ಇದು ನನ್ನ ದನಿ ಎಷ್ಟು ದಿನ ಇಟ್ಕೋತದೋ ಅಂತ. ನಾ ಅಂದೆ, ನಾವಿಬ್ಬರೂ ಹೋದ ಮ್ಯಾಲ ಭೀ ಇಟ್ಕೋತದ. ಎಂಟು ದಿನ ಹಾಡಿದ್ರಿ. ಗಂಟಲು ಕಟ್ಟಿದ್ರ ಮೆಣಸು ಕಡದು ಹಾಡಿದ್ರಿ. ಏನರ ಕೇಳಿದ್ರೇನು ನೀವು? ಒಂದು ಕೇಳಲಿಲ್ಲ.

ಅದಕ್ಕೇ ಇವತ್ತು ನಿಮ್ಮ ಮುಂದ ನಿಂತೀನಿ. ಇದು ನೋಡ್ರಿ. ಕಾಗದ. ಅಲ್ಲೇ ಟೈಪ್ ಮಾಡ್ಸಿ ತಂದೀನಿ, ಇಂಗ್ಲಿಷಿನಾಗ. ಇದರ ಮ್ಯಾಲ ನಿಮ್ಮದೊಂದು ಸಹಿ ಬಿದ್ರ ಆತು. ಉರ್ದುದಾಗ ಹಾಕಿದ್ರೂ ನಡೀತದ. ಏನು ಬರದದ ಹೇಳ್ತೀನಿ ಕೇಳ್ರಿ. ನಾನು ಮಜೀದಸಾಬ, ವಲ್ದ ಬಂದೇಅಲಿ, ಶಹಾಬಾದಿನಾಗ ಕಲ್ಲಿನ ಕೆಲಸ ಮಾಡಾಂವ, ಎಪ್ಪತ್ಮೂರನೇ ಇಸ್ವಿ ಮೊಹರಮದಾಗ ಹನ್ನೊಂದು ಪದ ಅಂಬಾರಾಯನ ಮುಂದ ಹಾಡೀನಿ. ಇದು ಒಂದು. ಅಂಬಾರಾಯಗ ಬಿಟ್ಟು ಬ್ಯಾರೆ ಯಾರಿಗೂ ಬರಸಿಲ್ಲ. ಇದು ಎರಡು. ಮ್ಯಾಲಿಂದೆಲ್ಲಾ ಖರೆ ಅದ. ಇದು ಮುಗೀತು. ಇಷ್ಟೇ. ಪೆನ್ನು ತಗೋರಿ.

ತಗೋರಿ ಉಸ್ತಾದ.

ಏನು? ಎಲ್ಲಿ? ಅದಾ... ಹಾಂ, ಅದು ಒಂದು ಸಾಲು ಅದ. ಅದು ಕಾನೂನಿನ ಮಾತ್ರಿ, ಎಲ್ಲಾ ಕಾಗದದಾಗೂ ಇರ್ತದ. ಓದೂ ಅಂಥಾದ್ದಿಲ್ಲ ಅದು.

ಬೆರಳು ತೆಗೀರಿ ಉಸ್ತಾದ, ಚಹಾದ ಕೈ, ಕಲಿ ಆಗ್ತದ.

ನಾಕು ಸಾಲು ಅದಾವ, ನಾ ಮೂರು ಹೇಳೀನಿ ಅಂತೇನು? ಕಲ್ಲಿನ ಪದರ ಎಣಿಸಿದಂಗ ಎಣಿಸ್ತೀರಿ ನೀವು. ಹೇಳೀನಲ್ಲ, ಕಾನೂನಿನ ಮಾತು ಅಂತ. ನನ್ನ ಮ್ಯಾಲ ನಂಬಿಗಿ ಇಲ್ಲೇನು? ನಿಮ್ಮ ಹೆಗಲ ಮ್ಯಾಲ ಕುಂತು ಅಲಾಯಿ ನೋಡಿದಾಂವ ನಾ. ಊರು ಬಿಟ್ಟು ಹೋಗಾಗ ನಮ್ಮಪ್ಪನ ಕಾಲು ಬಿದ್ದು ಎದ್ದು ನಿಮ್ಮ ಕಾಲಿಗಿ ಬಿದ್ದಾಂವ. ಇಷ್ಟು ವರ್ಷದಾಗ ಒಂದು ಮಾತು ಸುಳ್ಳು ಹೇಳೀನಿ ಅಂದ್ರ... ಅಲ್ಲಿ ಯಾಂವೋ ಬಿಳೀ ಮನುಷ್ಯಾ ನನಗ ಕಳ್ಳ ಅಂತಾನ, ಇಲ್ಲಿ ನೀವು ಭೀ ಹಂಗೇ ನೋಡ್ತೀರಿ. ಎಲ್ಲಿ ಹೋಗಿ ಸಾಯ್ಲಿ ನಾ?

ಗಾಡಿ ವ್ಯಾಳ್ಯಾ ಆಗ್ಲಿಕತ್ತದ. ಸಹಿ ಮಾಡ್ರಿ.

ಎಲ್ಲಿ ಹೊಂಟ್ರಿ? ಯಾಕ ಎದ್ರಿ? ಯಾರಿಗಿ ಕೈ ಮಾಡ್ಲಿಕತ್ತೀರಿ... ಅಬ್ದುಲ್ ಕರೀಮ್ ಮಾಸ್ತರಗ? ಬ್ಯಾಡ್ರಿ. ಅವರಿಗಿ ಇಂಗ್ಲಿಷ್ ಬರ್ತದ ಅಂತ ನನಗ ಗೊತ್ತದ, ನನಗ ಕಲಿಸಿದವ್ರೇ ಅವರು. ಅವರನ್ನ ಕರೀಬ್ಯಾಡ್ರಿ. ಕುಂದ್ರಿ. ನಿಮ್ಮ ಕಾಲಿಗಿ ಬೀಳ್ತೀನಿ, ಕುಂದ್ರಿ. ನಾನೇ ಓದ್ತೀನಿ.

ಓದ್ತೀನಿ.

ಈ ಪದಗಳನ್ನು ಕಟ್ಟಿದವನು ನಾನಲ್ಲ. ಯಾರು ಕಟ್ಟಿದರೆಂದು ಯಾರಿಗೂ ಗೊತ್ತಿಲ್ಲ. ಹಿರಿಯರ ಬಾಯಿಂದ ಕೇಳಿದ್ದನ್ನು ನಾನು ಹಾಡಿದ್ದೇನೆ, ಅಷ್ಟೆ.

...

ಏನರ ಅನ್ರಿ.

ಒಗೀರಿ ಸುತ್ತಿಗಿ ನನ್ನ ತಲಿ ಮ್ಯಾಲ, ಒಂದು ಮಾತು ಅನ್ರಿ.

ಟೇಪು ಹಾಳಾಗಿಲ್ಲ. ಚಂದ ಅದ. ನನ್ನ ರೂಮಿನಾಗ ಟ್ರಂಕಿನಾಗ ಅದ, ಬಟ್ಟಿ ಸುತ್ತಿ ಇಟ್ಟೀನಿ. ನಿಮ್ಮ ಕೆಮ್ಮು ಸೈತ ಕೇಳಸ್ತದ ಅದರಾಗ. ಅದನ್ನ ಕಮಿಟಿ ಮುಂದ ಹಚ್ಚಿದ್ರ ಐದು ಮಿನಿಟಿನಾಗ ಮುಗೀತಿತ್ತು, ಗೈಡಿನ ಮಾರಿ ಕಪ್ಪಾಗ್ತಿತ್ತು. ಹಚ್ಚಲಿಕ್ಕ ಬರೂದಿಲ್ಲ ಉಸ್ತಾದ. ಯಾಕಂದ್ರ ಅದರಾಗ ಹನ್ನೊಂದು ಸಲ ನಿಮ್ಮ ಹೆಸರು ಅದ. ಹೆಸರಿನ ನುಡಿ. ಊರು ಯಾವುದು, ಪದ ಕಟ್ಟಿದಾಂವ ಯಾರು ಅಂತ ಹೇಳದ ಯಾವ ಪದ ಭೀ ನಮ್ಮಲ್ಲಿ ಮುಗೀದಿಲ್ಲ, ಪೀರಪ್ಪ ಹಲಗಿ ಕೆಳಗಿಡೂದಿಲ್ಲ, ಕುಂತ ಜನ ಏಳೂದಿಲ್ಲ. ಶಾಬಾದ ಊರಾಗ ಕಲ್ಲ ಒಡೀತಾನ ಬಂದೇಅಲಿ ಮಗ ಮಜೀದ... ಅದನ್ನ ನಾ ತೆಗದೀನಿ. ಹನ್ನೊಂದು ಪದದಾಗೂ ಕಡೀ ನುಡಿ ತೆಗದೀನಿ. ಬ್ಲೇಡು ಹಚ್ಚಿ ಕೊಯ್ದಂಗ.

ಯಾಕ ಅಂತೀರೇನು? ಕೇಳಂಗಿಲ್ಲ ನೀವು, ನಾನೇ ಹೇಳ್ತೀನಿ. ಗೈಡು ಪದ ಕೇಳಿದ ಮೊದಲನೇ ದಿನನೇ ಅಂದಿದ್ದ, ಎಷ್ಟು ಚಂದ, ಇವಕ್ಕ ಕಟ್ಟಿದವರೇ ಇಲ್ಲ, ಇಡೀ ಜನಾಂಗದ ಬಾಯಿಂದ ತಾನೇ ಹುಟ್ಟಿ ಬಂದಾವ ಅಂತ. ಅಲ್ರಿ, ಅಂವ ಇದ್ದಾನ, ಹೆಸರು ಮಜೀದಸಾಬ, ಈಗ ಭೀ ಕಲ್ಲು ಒಡಿಲಿಕತ್ತಾನ ಅಂತ ಅನಬೇಕಿತ್ತು. ಬಾಯಿ ತುದಿತನ ಬಂದಿತ್ತು. ಅನಲಿಲ್ಲ. ಅಂದ್ರ ಅಂವ ಆ ಕವೀನ್ನ ತೋರ್ಸು ಅಂತಿದ್ದ. ಎಲ್ಲಾರೂ ನಿಮ್ಮನ್ನೇ ಕೇಳ್ತಿದ್ರು. ನಿಮ್ಮ ಮುಂದ ನಾ ಯಾರು? ಟೇಪು ಹೊತ್ತಾಂವ. ಅರ್ಥ ಬರಕೊಂಡಾಂವ. ನಾ ಅಲ್ಲಿ ತನಕ ಹೋದದ್ದು ನಿಮ್ಮ ಕಾರಕೂನ ಆಗ್ಲಿಕ್ಕೇನು ಅನಿಸ್ತು. ಹೌದು, ಹಂಗೇ ಅನಿಸ್ತು, ನಾಚಗಿ ಬಿಟ್ಟು ಹೇಳ್ಲಿಕತ್ತೀನಿ. ಅದಕ್ಕ ಮೂರುನೂರು ಪುಟ ಬರದೀನಿ, ಈ ಪದಕ್ಕ ಕಟ್ಟಿದವರಿಲ್ಲ, ಇಲ್ಲ, ಇಲ್ಲ ಅಂತ. ಅವನ ಮನ್ಯಾಗ ಹಾಡಿದಾಗ ಸೈತ ನಿಮ್ಮ ಹೆಸರು ಬಿಟ್ಟು ಎದ್ದೀನಿ.

ಈಗ ಗೈಡು ಕಮಿಟಿ ಮುಂದ ಏನು ಬರದು ಕೊಟ್ಟಾನ ಗೊತ್ತದೇನ್ರಿ? ಇವನ ಪ್ರಬಂಧದಾಗೇ ಅದ, ಪದಕ್ಕ ಕಟ್ಟಿದವರಿಲ್ಲ ಅಂತ. ಮಾಲೀಕನೇ ಇಲ್ಲದ್ದನ್ನ ನಾ ಯಾರಿಂದ ಕದ್ದೆ? ಅಂತ ಕೇಳ್ಯಾನ. ನನ್ನದೇ ಸಾಲು ತಗೊಂಡು ನನ್ನ ಬಾಯಿ ಮು‌ಚ್ಚಿದಾ. ಈಗ ನಾ, ಇಲ್ಲ, ಕಟ್ಟಿದಾಂವ ಇದ್ದಾನ ಅಂದ್ರ ನನ್ನ ಮೂರುನೂರು ಪುಟ ಸುಳ್ಳು ಆತು. ಅದು ಬ್ಯಾಡಂದ್ರ ನೀವು ಬರದು ಕೊಡಬೇಕು, ಪದ ನಂದಲ್ಲ, ಆದ್ರ ಅಂಬಾರಾಯನೇ ಮೊದಲು ಒಯ್ದಾನ ಅಂತ. ಬ್ಯಾರೆ ದಾರಿ ಇಲ್ಲ. ತಿಂಗಳಾನುಗಟ್ಟಲೆ ಯೋಚನಿ ಮಾಡೀನಿ, ಇದೊಂದೇ ದಾರಿ. ಅದಕ್ಕೇ ಇಂಗ್ಲಿಷಿನಾಗ ಟೈಪ್ ಮಾಡ್ಸಿದೆ. ನಿಮಗ ಓದಲಿಕ್ಕ ಬರಬಾರದು ಅಂತಲೇ. ಇಲ್ಲಿ ಬರಲಿಕ್ಕ ಎಂಟು ದಿನ ಕಾಲು ಏಳಲಿಲ್ಲ ಅಂದೆನಲ್ಲ, ಇದಕ್ಕೇ.

ಹರೀರಿ ಅದನ್ನ. ನಿಮ್ಮ ಕೈಯಾಗೇ ಅದ. ಹರದು ಒಗೀರಿ ಖಣ್ಯಾಗ.

ಯಾಕ... ಪೆನ್ನು ಯಾಕ? ಬ್ಯಾಡ್ರಿ. ಪೆನ್ನು ಕೇಳಬ್ಯಾಡ್ರಿ. ನಾ ಓದಿದ್ದು ನಿಮಗ ಕೇಳಸ್ತಿಲ್ಲೇನು? ಪದ ನಿಮ್ಮವಲ್ಲ ಅಂತ ಬರದದ ಅದರಾಗ. ಕೂಸಿನ ಪದ ನಿಮ್ಮದಲ್ಲ ಅಂತ, ವಾಡಿ ಗಾಡಿ ಪದ ನಿಮ್ಮದಲ್ಲ ಅಂತ. ಉಸ್ತಾದ, ಕೊಡ್ರಿ ಇತ್ಲಾಗ... ಕಿಸೇದಾಗಿಂದ ತಗೋಬ್ಯಾಡ್ರಿ...

ಮಾಡಿಬಿಟ್ರಿ.

ಪೆನ್ನಿನ ಮುಳ್ಳು ಕಾಗದ ಸೀಳೂಹಂಗ ಒತ್ತಿ ಬರದೀರಿ. ಮಜೀದ, ವಲ್ದ ಬಂದೇಅಲಿ, ಸಾಕಿನ್ ಶಾಬಾದ. ಬರೀ ಸಹಿ ಸಾಕಾಗ್ತಿತ್ತು, ನೀವು ಊರು ಸೈತ ಹಾಕೀರಿ, ಅಪ್ಪನ ಹೆಸರು ಸೈತ ಹಾಕೀರಿ. ಪದದಾಗ ಹಾಡ್ತೀರಲ್ಲ, ಹಂಗೇ. ನನ್ನ ಮೂರುನೂರು ಪುಟದಾಗ ಎಲ್ಲೂ ಇಲ್ಲದ ಹೆಸರು ಈಗ ಬಂತು ನೋಡ್ರಿ, ಪದ ನಂದಲ್ಲ ಅನ್ನೋ ಸಾಲಿನ ಕೆಳಗ.

ಕಲ್ಲಿನ ಕಡಿ ತಿರಗಬ್ಯಾಡ್ರಿ. ಉಳಿ ಕೆಳಗಿಡ್ರಿ. ನಾ ಇನ್ನಾ ಇಲ್ಲೇ ನಿಂತೀನಿ.

ಹೋಗು ಅಂತ ಕೈ ಮಾಡ್ತೀರೇನು? ಗಾಡಿ ತಪ್ತದ, ಹೋಗು ಅಂತೇನು? ಈ ಕಾಗದ ಕಿಸೇದಾಗ ಇಟ್ಕೊಂಡು ನಾ ಹ್ಯಾಂಗ ಹೋಗ್ಲಿ ಉಸ್ತಾದ? ಒಯ್ದು ಆ ಮೂರು ಮಂದಿ ಮುಂದ ಇಡ್ಲೋ, ಇಲ್ಲೇ ಹರೀಲೋ? ನೀವು ಹೇಳಿದಂಗ ಮಾಡ್ತೀನಿ. ಒಯ್ಯಿ ಅಂದ್ರ ಒಯ್ತೀನಿ, ಹರಿ ಅಂದ್ರ ಹರೀತೀನಿ. ಒಂದೇ ಮಾತು ಹೇಳ್ರಿ.

ಉಸ್ತಾದ... ಹೇಳ್ರಿ.